ಏಳು ಇಪ್ಪತ್ತಕ್ಕೆ ತಿರುಗುವ ಕ್ಯಾಮೆರಾ

ಅದೂ ಅಲ್ವಾ? ಮತ್ತೆ ಕೆಂಪಕ್ಷರ ಬಂತಾ? ನಾನು ಹೇಳ್ಲಿಲ್ವಾ ಮೇಸ್ತ್ರಿ, ಮದುವೆ ತಾರೀಕು ಹಾಕಿದ್ರೆ ಈ ಕ್ಯಾಮೆರಾ ಡಬ್ಬಿ ತೆರೆಯಲ್ಲ ಅಂತ. ಮದುವೆ ತಾರೀಕು ಹಾಕಿ ಏನಾದ್ರೂ ತೆರೆದದ್ದುಂಟಾ ಈ ಲೋಕದಲ್ಲಿ... ಯಾಕೆ ನಗ್ತೀರಿ? ಇಲ್ಲ ಇಲ್ಲ, ನಗಿ. ಈ ಮನೇಲಿ ಯಾರಾದ್ರೂ ನಕ್ಕು ಬಹಳ ದಿನ ಆಯ್ತು.

ಮರ್ತೆ ಅಂದ್ರೆ ಮರ್ತೆ. ಇದು ಫೆಬ್ರವರಿ, ಮೇಸ್ತ್ರಿ! ಮಾರ್ಚ್ ಮೊದಲ ವಾರ ಶಾಲೆ ಶುರು, ಗುಡ್ಡದ ಅರ್ಧ ಮಕ್ಕಳ ಯೂನಿಫಾರಂ ನೋಡಿ, ನನ್ನ ಮೇಜಿನ ಮೇಲೇ ಬಿದ್ದಿದೆ. ತಲೆ ತುಂಬಾ ಎದೆಯಳತೆ, ಸೊಂಟದಳತೆ. ಆ ಅಳತೆಗಳ ಮಧ್ಯೆ ಪಾಸ್‌ವರ್ಡ್ ಎಲ್ಲಿಟ್ಟೆನೋ, ಯಾರ ಲಂಗದ ಮಡಿಕೇಲಿ ಸೇರಿಸಿ ಹೊಲಿದುಬಿಟ್ಟೆನೋ...

ಕೂತ್ಕೊಳ್ಳಿ ಮೊದಲು. ನೂರಾ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದೀರಿ, ಅದೂ ಆ ಚೀಲ ಹೊತ್ಕೊಂಡು. ಟೀ ಹಾಕಿದ್ದೀನಿ. ಬೇಡ ಅನ್ನೋ ಹಾಗಿಲ್ಲ, ಸಂಜೆ ಟೀ ಹೊತ್ತಿಗೆ ಬಂದವರನ್ನ ಹಾಗೇ ಕಳಿಸಿದೆ ಅಂತ ಗೊತ್ತಾದ್ರೆ ವಾಲ್ಪರೈಸೊದ ಯಾವ ಗುಡ್ಡದಲ್ಲೂ ನನಗೆ ಮುಖ ತೋರಿಸೋಕಾಗಲ್ಲ. ಬ್ರೆಡ್ಡಿದೆ, ಬೆಣ್ಣೆಹಣ್ಣು ಜಜ್ಜಿ ಉಪ್ಪು ಹಾಕಿಟ್ಟಿದ್ದೀನಿ. ತಗೊಳ್ಳಿ... ಹಾಂ, ಆ ಫೋನು ಸರಿಸಬೇಡಿ. ಅಲ್ಲೇ ಇರಲಿ. ಅಲ್ಲಿ ಮಾತ್ರ ಸಿಗ್ನಲ್ ಚೆನ್ನಾಗಿ ಬರುತ್ತೆ.

ನೆರೆಮನೆ ಡೋನ್ಯಾ ಸೊಯ್ಲಾ ನಿಮ್ಮನ್ನ ಮೆಟ್ಟಿಲ ಗೇಟಲ್ಲೇ ಹಿಡಿದು ನಿಲ್ಲಿಸಿದ್ಲಲ್ಲ, ಏನಂದ್ಲು? ಹೇಳಿ, ಪರವಾಗಿಲ್ಲ. ನನ್ನ ಮುಖಕ್ಕೇ ಅಂದವಳು ಅವಳು. ಮೊನ್ನೆ ನಮ್ಮ ಮೆಟ್ಟಿಲಿನವರ ಸಭೇಲಿ, ಈ ಮೆಟ್ಟಿಲುಸಾಲಿನ ಮನೆಯವರದ್ದು, ಎಲ್ಲರೆದುರಿಗೆ, "ಏನೇ ಮಿರ್ತಾ, ಪಾಸ್‌ವರ್ಡ್ ಮರ್ತೆ ಅಂತೀಯಲ್ಲ, ಗಂಡನ್ನೂ ಎಲ್ಲೋ ಇಟ್ಟು ಮರ್ತೆಯೇನೇ?" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಘದ ಅಧ್ಯಕ್ಷೆ ಅಲ್ವಾ, ನಗಬೇಕು.

ಅವಳದ್ದೂ ತಪ್ಪಲ್ಲ ಬಿಡಿ. ಈ ಕ್ಯಾಮೆರಾ ತರೋಕೆ ಎರಡು ಶನಿವಾರ ಇಡೀ ಮೆಟ್ಟಿಲಿನವರು ನಿಂತು ಸಾಸೇಜ್ ಬ್ರೆಡ್ಡು ಮಾರಿದ್ದೀವಿ. ಒಂದು ಸಲ ಬಿಂಗೋ ಬೇರೆ ಆಡಿಸಿದ್ವಿ, ನನ್ನ ಹಳೇ ಇಸ್ತ್ರಿಪೆಟ್ಟಿಗೆಯೇ ಮೂರನೇ ಬಹುಮಾನ. ನಿಬಾಲ್ದೋ, ನಮ್ಮವರು, ಕಂಬ ಹತ್ತಿ ಪುಗಸಟ್ಟೆ ಹಾಕಿಕೊಟ್ರು. ಅದಕ್ಕೇ ರೆಕಾರ್ಡಿಂಗ್ ಡಬ್ಬಿ ನಮ್ಮನೇಲಿ. ಎರಡು ವರ್ಷ ಯಾರೂ ಇದರ ಕಡೆ ತಿರುಗಿ ನೋಡ್ಲಿಲ್ಲ. ಮಂಗಳವಾರ ಡೋನ್ ಕುಸ್ತೋದಿಯೋ ಅವರ ಬಾಗಿಲಿಂದ ಗ್ಯಾಸ್ ಸಿಲಿಂಡರ್ ಹೋಯ್ತು ನೋಡಿ, ತುಂಬಿದ್ದು, ಸೀಲೂ ಒಡೆದಿರಲಿಲ್ಲ, ಈಗ ಎಲ್ಲರಿಗೂ ಕ್ಯಾಮೆರಾ ಬೇಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪಾಪ, ಎಪ್ಪತ್ತೆಂಟು ವರ್ಷದ ಮುದುಕ, ನಾಲ್ಕು ದಿನದಿಂದ ತಣ್ಣೀರು ಸ್ನಾನ.

ಏನು? ಅವರನ್ನೇ ಕೇಳಬಹುದಲ್ಲ ಅಂತಲಾ? ಯಾರನ್ನ, ನಿಬಾಲ್ದೋನ? ಅವರು ಮೇಲಿದ್ದಾರೆ. ಉತ್ತರದಲ್ಲಿ, ಕಲಾಮಾದ ಹತ್ರ, ಗಣಿಯಲ್ಲಿ. ಶಿಫ್ಟು. ಹದಿನಾಲ್ಕು ದಿನ ಮೇಲೆ, ಹದಿನಾಲ್ಕು ದಿನ ಕೆಳಗೆ... ಹೌದು, ಕೆಳಗೆ ಬರಬೇಕು. ಈಗ ಡಬಲ್ ಶಿಫ್ಟ್ ಮಾಡ್ತಿದ್ದಾರೆ. ಅದಕ್ಕೇ ಕಾಣಿಸಿಲ್ಲ. ಅಗೋ, ಕಿಟಕಿಯಾಚೆ ಅಂಗಿ ಒಣಗ್ತಾ ಇಲ್ವಾ, ಕಿತ್ತಳೆ ಪಟ್ಟಿದು? ಅವರದೇ. ವಾರಕ್ಕೊಂದು ಸಲ ಒಗೀತೀನಿ... ಕೊಳೆ? ಇಲ್ಲ, ಕೊಳೆ ಏನಿರಲ್ಲ.

ಏನು ನೋಡ್ತಿದ್ದೀರಿ, ನನ್ನ ಕಿವಿಯೋಲೇನಾ? ಹೊಲಿಗೆಯವಳಿಗೆ ಸಂಜೆ ಹೊತ್ತು ಕೆಂಪು ಓಲೆ ಯಾಕೆ ಅಂತಲಾ? ಸುಮ್ಮನೆ. ಟೀ ಕುಡಿಯೋವಾಗ ಹಾಕ್ಕೋತೀನಿ. ಬರೋವಾಗ ಬಾಗಿಲಾಚೆ ಕುರ್ಚಿಗೆ ಮೊಣಕಾಲು ತಾಗಿಸ್ಕೊಂಡ್ರಲ್ಲ, ಅದರಲ್ಲಿ ಕೂತು ಕುಡೀತೀನಿ ನಾನು. ಗಾಳಿ ಬರುತ್ತೆ, ಬಂದರು ಕಾಣುತ್ತೆ.

ಇನ್ನೊಂದು ಸಲ ಯೋಚ್ನೆ ಮಾಡ್ಲಾ? ಅವರ ಅಮ್ಮನ ಹೆಸರು ಹಾಕಿ. ಹಾಕಿ ನೋಡಿ... ಇಲ್ವಾ. ಈಗ ಡಬ್ಬಿಯೇ ಬೀಗ ಹಾಕ್ಕೊಳ್ತಾ? ಒಳ್ಳೇದಾಯ್ತು. ಅಲ್ಲ, ಒಳ್ಳೇದಾಯ್ತು ಅಂದ್ರೆ, ಇನ್ನು ಊಹೆ ಮಾಡೋ ಕಷ್ಟ ಇಲ್ವಲ್ಲ ಅಂತ. ಹಾಗಾದ್ರೆ ಹಿಂದಿನ ತೂತಿನದೇ ಗತಿ ಅಂದ ಹಾಗಾಯ್ತು. ಡೋನ್ಯಾ ಸೊಯ್ಲಾ ಹೇಳಿದ್ಲು, ಒಂದು ಸಣ್ಣ ತೂತು ಇರುತ್ತೆ, ಚುಚ್ಚಿ ಹಿಡಿದ್ರೆ ಹಳೇ ಪಾಸ್‌ವರ್ಡ್ ಸತ್ತುಹೋಗುತ್ತೆ ಅಂತ. ಸೂಜಿ ಬೇಕಾ? ಸೂಜಿಗೇನು ಬರ ಈ ಮನೇಲಿ. ತಗೊಳ್ಳಿ, ಗುಂಡುಸೂಜಿ, ದಪ್ಪದ್ದು.

ಇರಿ, ಒಂದು ನಿಮಿಷ. ಒತ್ತಬೇಡಿ. ಒತ್ತಿದ್ರೆ ಏನೇನು ಹೋಗುತ್ತೆ?

ಪಾಸ್‌ವರ್ಡ್. ಸರಿ. ಫೋನುಗಳು? ಇದಕ್ಕೆ ಸೇರಿರೋ ಫೋನೆಲ್ಲ ಕಡಿದುಹೋಗುತ್ತಾ? ಎಲ್ಲಾನೂ? ದೂರದಲ್ಲಿರೋದೂ? ಕಲಾಮಾದಲ್ಲಿ ಇದ್ರೂ? ...ಹಂ. ಮತ್ತೆ ನೋಡಬೇಕು ಅಂದ್ರೆ ಹೊಸ ಪಾಸ್‌ವರ್ಡ್ ಬೇಕೇ ಬೇಕು. ಬೇರೆ ದಾರಿ ಇಲ್ಲ ತಾನೇ? ಕಳ್ಳದಾರಿ ಗಿಳ್ಳದಾರಿ? ಇಲ್ಲ. ಗೊತ್ತಿರೋರನ್ನ ಕೇಳಲೇಬೇಕು. ಸರಿ. ಮಿಕ್ಕಿದ್ದು? ರೆಕಾರ್ಡಿಂಗು, ಗಡಿಯಾರ, ಕ್ಯಾಮೆರಾಕ್ಕೆ ಕಲಿಸಿದ್ದೆಲ್ಲ ಹಾಗೇ ಇರುತ್ತಾ. ಅದಕ್ಕೇನು ಕಲಿಸಿರ್ತಾರೆ ಬಿಡಿ, ಅದೇನು ಗಿಣೀನಾ.

ಒತ್ತಿ.

ಮೂವತ್ತು ಎಣಿಸಬೇಕಾ? ನಾನು ಎಣಿಸ್ತೀನಿ, ನೀವು ಹಿಡ್ಕೊಳ್ಳಿ. ಒಂದು, ಎರಡು, ಮೂರು... ಗಟ್ಟಿಯಾಗಿ ಹಿಡ್ಕೊಳ್ಳಿ. ಹನ್ನೊಂದು, ಹನ್ನೆರಡು... ಬಟ್ಟೆಗೆ ಗುರುತು ಹಾಕೋವಾಗಲೂ ನಾನು ಹೀಗೇ ಎಣಿಸ್ತೀನಿ... ಇಪ್ಪತ್ತೊಂಬತ್ತು. ಮೂವತ್ತು. ಬಿಡಿ.

ದೀಪ ಆರಿತು. ಅಷ್ಟೇನಾ? ಮದುವೆ ಮುರಿಯೋಕೆ ಕೋರ್ಟಲ್ಲಿ ವರ್ಷಗಟ್ಟಲೆ ಬೇಕಂತೆ, ನೋಡಿ, ಇದಕ್ಕೆ ಒಂದು ಗುಂಡುಸೂಜಿ ಸಾಕು.

ಗಂಟೆ ಎಷ್ಟು? ಏಳು ಹತ್ತು. ಪರವಾಗಿಲ್ಲ, ಹೊತ್ತಿದೆ... ಯಾವುದಕ್ಕೆ ಅಂದ್ರೆ? ಏನಿಲ್ಲ. ಟೀ ಆರ್ತಿದೆ, ಕುಡೀರಿ.

ಅಯ್ಯೋ, ಹೇಳಿಬಿಡ್ತೀನಿ, ನೀವೇನು ನಮ್ಮ ಮೆಟ್ಟಿಲಿನವರಲ್ಲ. ಮಂಗಳವಾರದ ರೆಕಾರ್ಡಿಂಗಲ್ಲಿ ಕಳ್ಳ ಸಿಗಲ್ಲ ಮೇಸ್ತ್ರಿ. ಸಿಲಿಂಡರ್ ಹೋದದ್ದು ಏಳು ಇಪ್ಪತ್ತು, ಏಳೂವರೆ ಮಧ್ಯೆ. ಆ ಹೊತ್ತಿಗೆ ಕ್ಯಾಮೆರಾ ಗೇಟು ನೋಡ್ತಿರಲ್ಲ. ನಮ್ಮ ಬಾಗಿಲು ನೋಡ್ತಿರುತ್ತೆ. ದಿನಾ ಸಂಜೆ ಏಳು ಇಪ್ಪತ್ತಕ್ಕೆ ಗರ್‍ ಅಂತ ಕತ್ತು ತಿರುಗಿಸಿ ಈ ಕಡೆಗೆ ಬರುತ್ತೆ, ಏಳು ಮೂವತ್ತೈದಕ್ಕೆ ವಾಪಸ್ ಹೋಗುತ್ತೆ. ಕೀಲು ಸಡಿಲ ಅಂತ ಎಲ್ಲರಿಗೂ ಹೇಳಿದ್ದೀನಿ. ಕಳ್ಳನಿಗೆ ಮಾತ್ರ ಗೊತ್ತಾಗಿರಬೇಕು, ಕೀಲಿನ ತಾಪತ್ರಯ ಅಲ್ಲ ಇದು ಅಂತ.

ಯಾರು ತಿರುಗಿಸ್ತಾರೆ ಅಂದ್ರೆ... ಅವರೇ. ಅಲ್ಲಿ ಏಳಕ್ಕೆ ಶಿಫ್ಟು ಬಿಡುತ್ತೆ. ಬಸ್ಸಲ್ಲಿ ಬಿಡಾರಕ್ಕೆ ಬಂದು ಬೂಟು ಬಿಚ್ಚಿ ಮಂಚದ ಮೇಲೆ ಕೂರೋ ಹೊತ್ತಿಗೆ ಏಳು ಇಪ್ಪತ್ತು. ಫೋನಲ್ಲೇ ಕ್ಯಾಮೆರಾ ಈ ಕಡೆ ತಿರುಗಿಸಿ ನನ್ನ ನೋಡ್ತಾರೆ. ಮೊದಲ ವರ್ಷ ಮಾತೂ ಆಡ್ತಿದ್ರು, ನನ್ನ ಒಂದು ಕೈಲಿ ಫೋನು, ಇನ್ನೊಂದು ಕೈಲಿ ಟೀ. "ಆ ಕೆಂಪೋಲೆ ಹಾಕ್ಕೊಂಡು ಬಾರೇ, ಈ ಕಲ್ಲುಮಣ್ಣು ನೋಡಿ ನೋಡಿ ಕಣ್ಣೆಲ್ಲ ಬೂದಿ ಆಗಿದೆ" ಅನ್ನೋರು. ಹಾಕ್ಕೊಂಡು ಬರ್ತಿದ್ದೆ. ಎದುರುಮನೆ ಬೆಕ್ಕು ಕೂಡ ನನ್ನ ನೋಡಿ ನಾಚ್ಕೊಳ್ತಿತ್ತು.

ಈಗ ಮಾತಿಲ್ಲ. ಎಂಟು ತಿಂಗಳಾಯ್ತು. ಮೇಲೆ ಸಿಗ್ನಲ್ ಸಿಗಲ್ಲ, ಗುಡ್ಡ ಅಡ್ಡ ಬರುತ್ತೆ...

ಯಾಕೆ ಹಾಗೆ ನೋಡ್ತೀರಿ?

ಹೌದು. ಸಿಗ್ನಲ್ ಇಲ್ಲದೆ ಕ್ಯಾಮೆರಾ ಹೇಗೆ ತಿರುಗೀತು ಅಂತ ತಾನೇ. ಸರಿ, ಸಿಗ್ನಲ್ ಇದೆ. ರಿಂಗಾಗುತ್ತೆ. ಎತ್ತಲ್ಲ. ಕ್ಯಾಂಟೀನಿನವಳೊಬ್ಬಳ ಹೆಸರು ಹೇಳ್ತಾಳೆ ಡೋನ್ಯಾ ಸೊಯ್ಲಾ, ಸೊಯ್ಲಾಳ ತಮ್ಮನೂ ಅದೇ ಗಣೀಲಿ ಕೆಲಸಕ್ಕಿದ್ದಾನೆ. ಇರಬಹುದು. ಇಲ್ಲ ಅಂತ ನಾನೆಲ್ಲಂದೆ. ಮಾತು ನಿಂತಿದೆ ಮೇಸ್ತ್ರಿ, ನೋಟ ನಿಂತಿಲ್ಲ. ಅಷ್ಟೇ ನಾನು ಹೇಳೋದು. ಬೇರೆಯವಳ ಮನೇಲಿ ಕೂತ ಗಂಡಸು ದಿನಾ ಹೆಂಡತಿ ಬಾಗಿಲು ನೋಡ್ತಾನಾ? ಹೇಳಿ. ಒಂದು ದಿನ ತಪ್ಪಿಲ್ಲ. ಕ್ರಿಸ್ಮಸ್ಸಿಗೂ ತಪ್ಪಲಿಲ್ಲ. ನನಗೆ ಜ್ವರ ಬಂದಾಗ ಕಂಬಳಿ ಹೊದ್ಕೊಂಡು ಕೂತೆ, ಅದು ಬಂತು, ಕಾಲು ಗಂಟೆ ನೋಡ್ತು, ಹೋಯ್ತು. ನಾನೂ ಅದಕ್ಕೆ ಎಲ್ಲ ಹೇಳ್ತೀನಿ. ಯಾರ ಲಂಗ ಬಿಗಿ ಆಯ್ತು, ಮೀನು ಯಾವುದು ಸಿಕ್ತು, ಅಡುಗೆಮನೆ ನಲ್ಲಿ ಮತ್ತೆ ಸೋರ್ತಿದೆ, ಎಲ್ಲ. ಕೇಳಿಸಲ್ಲ ಅಂತ ಗೊತ್ತು. ತುಟಿ ಕಾಣುತ್ತಲ್ಲ.

ಬಂತಾ? ಚಿತ್ರ ಬಂತಾ ಟೀವೀಲಿ? ಆಹಾ, ಗೇಟು. ಅಗೋ ಡೋನ್ಯಾ ಸೊಯ್ಲಾ, ಇನ್ನೂ ಅಲ್ಲೇ ನಿಂತಿದ್ದಾಳೆ, ಸೊಂಟಕ್ಕೆ ಕೈ ಕೊಟ್ಟು. ಸೊಂಟ ಮೂವತ್ತೆಂಟು ಇಂಚು, ಮೂವತ್ತಾರು ಅಂತ ಬರಿ ಅಂತಾಳೆ.

ಎಷ್ಟು ಫೋನು ಸೇರಿವೆ ಅಂತ ತೋರಿಸುತ್ತಾ ಇದು? ನೋಡಿ. ಸೊನ್ನೆ. ಸರಿಯಾಗಿ ನೋಡಿ... ಸೊನ್ನೆ. ಯಾರೂ ಇಲ್ಲ. ಒಳ್ಳೇದು.

ಈಗ ಕೇಳಿ, ಹೊಸ ಪಾಸ್‌ವರ್ಡ್ ಈಗಲೇ ಹಾಕಬೇಡಿ. ಒಂದರ್ಧ ಗಂಟೆ ಇರಿ. ಇನ್ನೊಂದು ಬ್ರೆಡ್ಡು ತಿನ್ನಿ. ಏಳು ಇಪ್ಪತ್ತಕ್ಕೆ ಅವರು ಅಲ್ಲಿ ಫೋನು ತೆಗೀತಾರೆ. ತೆರೆಯಲ್ಲ. ಮತ್ತೆ ಒತ್ತುತಾರೆ. ತೆರೆಯಲ್ಲ. ಇವಳೇನು ಮಾಡಿದ್ಲಪ್ಪ ಅಂತ ರೇಗುತ್ತೆ. ರೇಗಲಿ. ಪಾಸ್‌ವರ್ಡ್ ಕೇಳೋಕಾದ್ರೂ ಫೋನ್ ಮಾಡಲೇಬೇಕಲ್ಲ... ಬೈಯೋಕಾದ್ರೂ. ಶಬ್ದ ಪೂರ್ತಿ ಏರಿಸಿಟ್ಟಿದ್ದೀನಿ, ನೋಡಿ.

ಅದೇನು ಅಷ್ಟೊತ್ತಿಂದ ಓದ್ತಿದ್ದೀರಿ ಟೀವೀಲಿ, ಆ ಡಬ್ಬಿಯ ಪಟ್ಟೀಲಿ? ಯಾಕೆ ಮುಚ್ಚಿದ್ರಿ? ಏನಾದ್ರೂ ಕೆಟ್ಟಿದೆಯಾ?

ಏನಿಲ್ಲ ಅಂದ್ರೆ ಏನಿಲ್ಲ. ಸರಿ. ಏಳು ಹತ್ತೊಂಬತ್ತು. ನೀವು ಮಾತಾಡಬೇಡಿ ಸ್ವಲ್ಪ ಹೊತ್ತು, ಫೋನು ಬಂದ್ರೆ ಗಂಡಸಿನ ದನಿ ಕೇಳಿಸೋದು ಬೇಡ... ಅಥವಾ ಕೇಳಿಸಲಿ. ಕೇಳಿಸಿದ್ರೇ ಒಳ್ಳೇದೇನೋ. ಕೆಮ್ಮಿ ಬೇಕಾದ್ರೆ.

ಸ್... ಕೇಳಿಸ್ತಾ? ಗರ್‍ ಅಂತ! ಕಂಬದ ಮೇಲೆ! ನೋಡಿ ಟೀವೀಲಿ, ಗೇಟು ಸರೀತು, ಮೆಟ್ಟಿಲು, ಡೋನ್ ಕುಸ್ತೋದಿಯೋ ಕಿಟಕಿ, ನಮ್ಮ ಗೋಡೆ... ಬಂತು! ನಾ ಹೇಳ್ಲಿಲ್ವಾ! ಸರಿಯಾಗಿ ಏಳು ಇಪ್ಪತ್ತು! ಅಯ್ಯೋ, ನಾನು ಒಳಗಿದ್ದೀನಲ್ಲ, ಇರಿ, ಕುರ್ಚಿಗೆ ಹೋಗಿ...

ಇರಿ.

ಸೊನ್ನೆ ಅಂದ್ರಲ್ಲ ನೀವು.

ಈಗ ತಾನೇ ನೋಡಿ ಹೇಳಿದ್ರಿ. ಯಾರ ಫೋನೂ ಇಲ್ಲ ಅಂತ. ಪಾಸ್‌ವರ್ಡ್ ಇನ್ನೂ ಹುಟ್ಟೇ ಇಲ್ಲ. ಮತ್ತೆ ಇದನ್ನ... ಯಾರು...

ಮೇಸ್ತ್ರಿ?

ಟೀ ಯಾಕೆ ಕೆಳಗಿಟ್ರಿ?

ಆ ಪಟ್ಟೀಲಿ ಬರೆದಿತ್ತಾ. ಓದಿ ಮುಚ್ಚಿದ್ರಲ್ಲ, ಅದರಲ್ಲಿ. ಏಳು ಇಪ್ಪತ್ತು, ಬಾಗಿಲು. ಏಳು ಮೂವತ್ತೈದು, ಗೇಟು. ದಿನಾ. ದಿನಾ ಅಂತ ಬರೆದಿದೆಯಾ, ಇಲ್ಲ ಯಾವತ್ತಿನವರೆಗೆ ಅಂತ ಏನಾದ್ರೂ... ಅದನ್ನೇ ಕಲಿಸಿದ್ದು ಅಂದ್ರಾ ನೀವು ಆಗ. ದಿನಾ ಕೈಯಲ್ಲಿ ತಿರುಗಿಸೋ ಕಷ್ಟ ಯಾಕೆ ಅಂತ, ತನ್ನಷ್ಟಕ್ಕೇ ತಿರುಗೋ ಹಾಗೆ ಹಾಕಿಟ್ಟಿರ್ತಾರೆ. ಮೊದಲ ವರ್ಷ. ಪ್ರೀತಿಯಿಂದಲೇ ಹಾಕಿರ್ತಾರೆ. ಆಮೇಲೆ ತೆಗೆಯೋಕೆ ನೆನಪಾಗಿಲ್ಲ.

ಕೊನೇ ಸಲ ಫೋನಿಂದ ನೋಡಿದ್ದು ಯಾವತ್ತು ಅಂತಾನೂ ಇತ್ತಾ ಅದರಲ್ಲಿ?

ಬೇಡ. ಹೇಳಬೇಡಿ.

ನೋಡಿ ಅದನ್ನ. ಖಾಲಿ ಕುರ್ಚಿ. ಖಾಲಿ ಕುರ್ಚಿನೂ ಅಷ್ಟೇ ಚೆನ್ನಾಗಿ ನೋಡ್ತಿದೆ.

ಫೋನಾ? ಇಲ್ಲ, ಅದು ರಿಂಗಾಗಲಿಲ್ಲ. ಆಗೋದೂ ಇಲ್ಲ. ಶಬ್ದ ಕಮ್ಮಿ ಮಾಡ್ತೀನಿ, ಸುಮ್ಮನೆ ಯಾಕೆ. ಡೋನ್ಯಾ ಸೊಯ್ಲಾಗೆ ಕೀಲು ಸಡಿಲ ಇತ್ತು, ಬಿಗಿ ಮಾಡಿದೆ ಅಂತ ಹೇಳಿಬಿಡಿ. ಆ ಏಳು ಇಪ್ಪತ್ತರದ್ದು ತೆಗೆದುಹಾಕಿ. ಇವತ್ತು ಬೇಡ, ಅದು ವಾಪಸ್ ಹೋಗಲಿ, ಆಮೇಲೆ. ಇನ್ನು ಹನ್ನೆರಡು ನಿಮಿಷ ತಾನೇ.

ಏನು? ಹೊಸ ಪಾಸ್‌ವರ್ಡಾ?

ಹಳೇದನ್ನೇ ಹಾಕಿ ಮೇಸ್ತ್ರಿ. ...ಹೂಂ, ನೆನಪಿದೆ. ಹೇಳ್ತೀನಿ, ಬರ್ಕೊಳ್ಳಿ.