ಎಪ್ಪತ್ತೆಂಟು ಕೆಜಿ ಆದಮೇಲೆ

ಬೇಡ ಅಕ್ಕಾ, ಎಬ್ಬಿಸಬೇಡಿ, ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಮುಖ ನೋಡಿದ್ರಲ್ಲ, ಸಾಕು. ಬನ್ನಿ, ಅಡುಗೆಮನೆಯಲ್ಲೇ ಕೂರೋಣ. ಅಳಬೇಡಿ... ನೀವು ಅತ್ರೆ ನಂಗೂ ತಡೆಯಕ್ಕಾಗಲ್ಲ. ಆಮೇಲೆ ನಿಮ್ಮ ತಮ್ಮ ಒಳಗಿಂದಲೇ, "ಇಬ್ಬರೂ ಶುರು ಹಚ್ಕೊಂಡ್ರಾ?" ಅಂತಾರೆ.

ಏನು ನೋಡ್ತಿದ್ದೀರಿ? ಓ, ಕಪಾಟಿನ ಬಾಗಿಲಾ? ಅವು ಇವರ ಪಾರ್ಸೆಲ್ ಆಫೀಸಿನ ಚೀಟಿಗಳು. ಇರಿ, ಮೊದಲಿಂದ ಹೇಳ್ತೀನಿ, ಇಲ್ಲದಿದ್ರೆ ನಿಮಗೆ ಅರ್ಥ ಆಗಲ್ಲ. ಮೂಟೆ ತೂಗೋ ದೊಡ್ಡ ಯಂತ್ರ ಇರತ್ತಲ್ಲ, ಶನಿವಾರ ಕೆಲಸ ಮುಗಿದ ಮೇಲೆ ಇವರು ಅದರ ಮೇಲೆ ಹತ್ತಿ ನಿಲ್ಲೋರು. ಅದು ಚೀಟಿ ಕೊಡತ್ತೆ, ತಾರೀಖು, ತೂಕ, ಎಲ್ಲ ಇರತ್ತೆ. ಅದರ ಕೆಳಗೆ ಇವರೇ ಪೆನ್ನಲ್ಲಿ "ಒಡೆಯುವ ವಸ್ತು, ಜೋಪಾನ" ಅಂತ ಬರೆದು ತಂದು ಅಂಟಿಸೋರು.

ನಕ್ರಿ ನೋಡಿ! ಇವರು ಹಾಗೇ ಅಲ್ವಾ...

ಮೊದಲನೇ ಚೀಟಿ ತೊಂಬತ್ತಾರು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ, ತೂಕ ಇಳಿಸಿ, ಎಪ್ಪತ್ತೆಂಟಕ್ಕೆ ಬಂದ್ರೆ ಸಾಕು ಅಂದಿದ್ರು ಡಾಕ್ಟರು. ಅವರು ಹೇಳಿದ ಹಾಗೇ ಮಾಡಿದೆ ಅಕ್ಕಾ, ಒಂದು ಚೂರೂ ತಪ್ಪಿಲ್ಲ. ಬೆಳಿಗ್ಗೆ ಪಪ್ಪಾಯ. ಮಧ್ಯಾಹ್ನ ಅರ್ಧ ತಟ್ಟೆ ತರಕಾರಿ. ಅರ್ಧ ಅಂದ್ರೆ ಅರ್ಧವೇ, ತಟ್ಟೆ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸ್ತಿದ್ದೆ. ಉಳಿದದ್ದರಲ್ಲಿ ಸ್ವಲ್ಪ ಅನ್ನ, ಸ್ವಲ್ಪ ಬೇಳೆ. ಸಂಜೆ ಸೌತೆಕಾಯಿ, ಕ್ಯಾರೆಟ್. "ನನ್ನನ್ನೇನು ಮೊಲ ಅಂದ್ಕೊಂಡ್ಯೇನೇ?" ಅನ್ನೋರು. ಆದ್ರೂ ತಿನ್ನೋರು. ಇಳೀತು ಅಕ್ಕಾ! ಸಕ್ಕರೆನೂ ಇಳೀತು, ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತಲ್ಲ, ಅದೂ ಹೋಯ್ತು.

ಆಮೇಲೆ ಏನಾಯ್ತು ಗೊತ್ತಾ? ಎದುರುಮನೆ ಟೀಚರು ಬಂದ್ರು. ಟೈಲರಮ್ಮ ಬಂದ್ಲು. "ಏನು ಕೊಡ್ತೀರಿ, ಬರೆದುಕೊಡಿ" ಅಂತ. ನನ್ನನ್ನ! ಹಾಲು ಕಾಯಕ್ಕಿಟ್ಟು ಮರೆಯೋಳು, ಒಂದು ಕೆಲಸ ನೆಟ್ಟಗೆ ಬರಲ್ಲ ಅಂತ ತವರಲ್ಲೂ ಇಲ್ಲೂ ಹೆಸರು ಮಾಡಿದೋಳು ನಾನು. ನೀವೇ ಅಂತಿದ್ರಿ... ಪರವಾಗಿಲ್ಲ ಬಿಡಿ, ನಿಜಾನೇ ಅಲ್ವಾ. ಆದ್ರೆ ಆಗ ನೀವೂ ಫೋನ್ ಮಾಡಿದ್ರಿ, "ನನ್ನ ತಮ್ಮನ್ನ ಉಳಿಸಿಬಿಟ್ಟೆ ಕಣೇ" ಅಂದ್ರಿ. ಅವತ್ತು ನಾನು ಊಟ ಮಾಡ್ಲಿಲ್ಲ. ಹೊಟ್ಟೆ ತುಂಬಿಹೋಗಿತ್ತು.

ಈ ಕಾಯಿಲೆ ಹಠಾತ್ತಾಗಿ ಬಂದಿದ್ದು ಅಕ್ಕಾ. ಎರಡೇ ವಾರ. ಅನ್ನನಾಳದಲ್ಲಿ ಗಡ್ಡೆ ಅಂತ ನಾವು ಕನಸಲ್ಲಾದ್ರೂ...

ಯಾಕೆ ಎದ್ರಿ? ಚೀಟಿ ಯಾಕೆ ಓದ್ತಿದ್ದೀರಿ? ಕೂತ್ಕೊಳ್ಳಿ, ಟೀ ಆರಿಹೋಗತ್ತೆ. ಹೌದು, ಅದು ಎಪ್ಪತ್ತೆಂಟೇ. ಅದರ ಪಕ್ಕದ್ದು ಎಪ್ಪತ್ತೈದು. ಅದು... ಮೈಗೆ ಅಭ್ಯಾಸ ಆಗಿಬಿಟ್ಟಿರತ್ತೆ ಅಕ್ಕಾ, ತಟ್ಟನೆ ನಿಲ್ಲಲ್ಲ. ಎಪ್ಪತ್ತೊಂದು... ಹೌದು, ತಾರೀಖು ಸರಿಯಾಗೇ ಇದೆ. ಯಂತ್ರ ಸುಳ್ಳು ಹೇಳಲ್ಲ.

ಅಕ್ಕಾ, ಈ ಕಡೆ ತಿರುಗಿ.

ಎಪ್ಪತ್ತೆಂಟಾದ ದಿನವೇ ಪಥ್ಯ ಬಿಡಿಸಿದ್ದೆ. ಅನ್ನ ಹಾಕ್ದೆ, ಆಲೂಗಡ್ಡೆ ಹಾಕ್ದೆ, ಬೆಣ್ಣೆ ಹಾಕ್ದೆ. ಆದ್ರೂ ಇಳೀತಾನೇ ಹೋಯ್ತು. ಬೀದೀಲಿ ಮಾತ್ರ ಏನೂ ಹೇಳ್ಲಿಲ್ಲ. "ಇನ್ನೂ ಇಳಿದಿದ್ದಾರಲ್ರೀ!" ಅಂತ ಟೀಚರು ಹೊಗಳಿದ್ರೆ, "ಎಲ್ಲ ಹಣ್ಣು ತರಕಾರಿ ಮಹಿಮೆ" ಅಂತಿದ್ದೆ. ನಗ್ತಾ ಅಂತಿದ್ದೆ ಅಕ್ಕಾ.

ಬೈಯಿರಿ, ತಡ್ಕೋತೀನಿ.

ಹೇಳಿದ್ರು. ಇವರು ನಂಗೆ ಹೇಳಿದ್ರು. "ಲೇ, ಅನ್ನ ಎದೇಲೇ ನಿಂತ ಹಾಗಾಗತ್ತೆ ಕಣೇ" ಅಂದ್ರು. ಒಂದು ಸಲ ಅಲ್ಲ. ಆಸ್ಪತ್ರೆಗೆ ಹೋದ್ರೆ ಡಾಕ್ಟರು, "ಏನಮ್ಮಾ, ಹಸೀ ತರಕಾರಿ ತಿನ್ನಿಸಿ ಏನು ಮಾಡಿಟ್ಟೆ?" ಅಂತಾರೇನೋ ಅಂತ ನಂಗೆ ಭಯ. ಬೀದಿಗೆಲ್ಲ ಗೊತ್ತಾಗತ್ತೆ, ನಿಮಗೂ ಗೊತ್ತಾಗತ್ತೆ... ಅದಕ್ಕೇ ಅನ್ನ ಮೆತ್ತಗೆ ಮಾಡಿಕೊಟ್ಟೆ. ಆಮೇಲೆ ಗಂಜಿ. "ನಿಧಾನ ಅಗಿದು ತಿನ್ನಿ" ಅಂದೆ.

ಐದು ತಿಂಗಳು ಅಕ್ಕಾ. ಎರಡು ವಾರ ಅಲ್ಲ.

ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರು, "ನುಂಗಕ್ಕಾಗದೆ ಎಷ್ಟು ದಿನ ಆಯ್ತು? ಮೊದಲೇ ಯಾರೂ ನೋಡ್ಕೊಳ್ಳಲಿಲ್ವಾ?" ಅಂತ ಕೇಳಿದ್ರು. ನನ್ನ ಬಾಯಿಗೆ ಅದು ಹೇಗೆ ಬಂತೋ, "ಎರಡು ವಾರ" ಅಂದೆ. ಇವರು ಪಕ್ಕದಲ್ಲೇ ಕೂತಿದ್ರು. ನನ್ನ ಮುಖ ನೋಡಿದ್ರು. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೌದು ಸಾರ್, ಎರಡು ವಾರ. ಇವಳು ತಕ್ಷಣ ಕರ್ಕೊಂಡು ಬಂದ್ಲು" ಅಂದ್ರು.