ಬಂಡೆಗೆ ನಾನು ಕೊಟ್ಟ ಅಂಕಗಳು

ಹೇಳಿಕೆ ಕೊಟ್ಟವರು: ಮಹಿಳೆ, ವಯಸ್ಸು 52 ವರ್ಷ. ಉದ್ಯೋಗ: ದಂತ ಲ್ಯಾಬ್‌ನಲ್ಲಿ ಹಲ್ಲಿನ ಸೆಟ್ ತಯಾರಿಕೆ. ವಾಸ: ಅದೇ ಲ್ಯಾಬ್‌ನ ಹಿಂದಿನ ಓಣಿ, ಎರಡನೇ ಮಹಡಿ.

ಇಂದು ದಿನಾಂಕ 21-02-2025, ಶುಕ್ರವಾರ, ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ನನ್ನ ತಂಗಿಯನ್ನು ಕರೆದುಕೊಂಡು ಈ ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುತ್ತಿರುವುದೇನೆಂದರೆ, ನಾನು ಇಪ್ಪತ್ತೆಂಟು ವರ್ಷಗಳಿಂದ ಹಲ್ಲಿನ ಸೆಟ್ ಮಾಡುತ್ತಿದ್ದೇನೆ. ಅದರ ಜೊತೆಗೆ ಆರು ವರ್ಷಗಳಿಂದ ಒಂದು ಕಾಲ್ಪನಿಕ ಕುಸ್ತಿ ಲೀಗ್ ನಡೆಸುತ್ತಿದ್ದೇನೆ. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು ಹಾಗೆಂದರೇನು ಎಂದು ಕೇಳಿದ್ದರಿಂದ ವಿವರಿಸುತ್ತೇನೆ.

ನಮ್ಮದು ಫೋನಿನಲ್ಲಿ ಇರುವ ಒಂದು ಗುಂಪು. ಹದಿನೇಳು ಜನ. ಪ್ರತಿಯೊಬ್ಬರಿಗೂ ತಾವೇ ಹುಟ್ಟಿಸಿದ ಒಬ್ಬ ಕುಸ್ತಿಪಟು ಇರುತ್ತಾನೆ ಅಥವಾ ಇರುತ್ತಾಳೆ, ಆ ಹೆಸರಿನಿಂದಲೇ ಅವರನ್ನು ಕರೆಯುತ್ತೇವೆ. ಯಾರೂ ಯಾರ ಮೈಯನ್ನೂ ಮುಟ್ಟುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ 6 ಗಂಟೆಯೊಳಗೆ ಎದುರಾಳಿಗಳಿಬ್ಬರೂ ತಮ್ಮ ಕುಸ್ತಿಪಟುವಿನ ಬಾಯಲ್ಲಿ ಒಂದೊಂದು ಸವಾಲು ಬರೆದು ಹಾಕಬೇಕು. ನಾನು ಶನಿವಾರ ಬೆಳಿಗ್ಗೆ ಒಟ್ಟು ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು, ಅವರವರಿಗೆ ಮಾತ್ರ ಬೇರೆಯಾಗಿ ಒಂದು ಸಾಲು ಸಲಹೆ ಬರೆಯುತ್ತೇನೆ. ಹೆಚ್ಚು ಅಂಕ ಪಡೆದವರು ಗೆದ್ದಂತೆ. ಭಾನುವಾರ ರ‍್ಯಾಂಕ್ ಪಟ್ಟಿ ಹಾಕುತ್ತೇನೆ. ಎಲ್ಲರೂ ನನ್ನನ್ನು ರೆಫ್ರಿ ಸಾರ್ ಎನ್ನುತ್ತಾರೆ. ನಾನು ಗಂಡಸಲ್ಲ ಎಂದು ತಿದ್ದಲು ಹೋಗಿಲ್ಲ. ಈ ವಯಸ್ಸಿನಲ್ಲಿ ಇದು ಹುಡುಗಾಟವಲ್ಲವೇ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಕೇಳಿದರು. ಹುಡುಗಾಟವೇ. ಆದರೆ ನಾನು ಹುಡುಗಾಟದಲ್ಲೂ ಕಟ್ಟುನಿಟ್ಟು. ನನ್ನ ಕಸುಬಿನಲ್ಲಿ ಒಂದು ಹಲ್ಲು ಅರ್ಧ ಮಿಲಿಮೀಟರ್ ಎತ್ತರವಾದರೂ ಸೆಟ್ ವಾಪಸ್ ಬರುತ್ತದೆ.

ಲೀಗ್‌ನಲ್ಲಿ ನಿಜವಾಗಿ ಕೈಗೆ ಸಿಗುವ ವಸ್ತು ಒಂದೇ, ಚಾಂಪಿಯನ್ ಬೆಲ್ಟ್. ಹಳೆಯ ಚರ್ಮದ ಪಟ್ಟಿಗೆ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಬಿಲ್ಲೆ ಕೂರಿಸಿ, ಚಿನ್ನದ ಬಣ್ಣ ಬಳಿದು ನಾನೇ ಮಾಡಿದ್ದು. ಸೋತವರು ಒಂದು ವಾರದೊಳಗೆ ಅದನ್ನು ಗೆದ್ದವರಿಗೆ ಕೊರಿಯರ್ ಮಾಡಬೇಕು. ಗೆದ್ದವರ ವಿಳಾಸವನ್ನು ಸೋತವರಿಗೆ ಕೊಡುವವಳು ನಾನು.

ನನ್ನ ತಂಗಿಯೂ ಲೀಗ್‌ನ ಸದಸ್ಯೆ. ಅವಳಿಗೆ 38 ವರ್ಷ, ಒಬ್ಬಳೇ ಇದ್ದಾಳೆ, ಈ ಊರಿನ ಈಜುಕೊಳದಲ್ಲಿ ಟಿಕೆಟ್ ಕೌಂಟರ್ ನೋಡಿಕೊಳ್ಳುತ್ತಾಳೆ. ಅವಳ ಕುಸ್ತಿಪಟುವಿನ ಹೆಸರು ಗಿರಗಿಟ್ಟಲೆ. ನಾವು ಅಕ್ಕತಂಗಿಯರೆಂದು ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ. ಪಕ್ಷಪಾತದ ಮಾತು ಬರಬಾರದೆಂದು ನಾನೇ ಮುಚ್ಚಿಟ್ಟಿದ್ದೆ. ಅದೇ ಕಾರಣಕ್ಕೆ ಅವಳಿಗೆ ಯಾವಾಗಲೂ ಅರ್ಧ ಅಂಕ ಕಡಿಮೆಯೇ ಕೊಡುತ್ತಿದ್ದೆ.

ದಿನಾಂಕ 29-11-2024ರಂದು ಗಿರಗಿಟ್ಟಲೆ, ಹದಿನಾಲ್ಕು ತಿಂಗಳಿಂದ ಚಾಂಪಿಯನ್ ಆಗಿದ್ದ ಬಂಡೆ ಎಂಬ ಕುಸ್ತಿಪಟುವನ್ನು ಸೋಲಿಸಿದಳು. ಬಂಡೆಯನ್ನು ಬರೆಯುವವನು ಯಾರೆಂದು ನನಗೆ ಗೊತ್ತಿಲ್ಲ, ಮುಖ ನೋಡಿಲ್ಲ, ದನಿ ಕೇಳಿಲ್ಲ. ಅವನು ಕೊಟ್ಟಿದ್ದ ವಿಳಾಸ ಒಂದು ಕೊರಿಯರ್ ಕಚೇರಿಯದು, ಅಲ್ಲಿಗೇ ಹೋಗಿ ಪಾರ್ಸೆಲ್ ತೆಗೆದುಕೊಳ್ಳುತ್ತಿದ್ದ. ಮರುದಿನ ಅವನು ತಂಗಿಯ ವಿಳಾಸ ಕೇಳಿದ, ನಾನು ಕಳಿಸಿದೆ. ದಿನಾಂಕ 05-12-2024ರಂದು ಬೆಲ್ಟ್ ತಂಗಿಗೆ ತಲುಪಿತು. ಅವಳು ಫೋನ್ ಮಾಡಿ ತುಂಬಾ ಹೊತ್ತು ನಕ್ಕಳು. ಆ ವಿಳಾಸದ ಮನೆಗೆ ಅವಳು ಹೋಗಿ ಆಗಷ್ಟೇ ಎರಡು ತಿಂಗಳಾಗಿತ್ತು. ಬಾ ಬಾ ಎಂದು ಕರೆಯುತ್ತಿದ್ದರೂ ನಾನು ಇವತ್ತಿನವರೆಗೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಬೆಲ್ಟ್ ಕಳೆದುಕೊಂಡವರು ಮತ್ತೆ ಚಾಂಪಿಯನ್ ಎದುರು ನಿಲ್ಲಬೇಕಾದರೆ ಸತತ ಮೂರು ಪಂದ್ಯ ಗೆಲ್ಲಬೇಕು. ಆ ಪಂದ್ಯಗಳ ಸವಾಲಿನಲ್ಲೇ ಚಾಂಪಿಯನ್‌ಗೆ ಬೆದರಿಕೆ ಹಾಕುವುದು ನಮ್ಮಲ್ಲಿ ಮಾಮೂಲು. ಆದ್ದರಿಂದ ದಿನಾಂಕ 10-01-2025ರಂದು ಬಂಡೆ ಹಾಕಿದ ಸವಾಲನ್ನು ನಾನು ಮಾಮೂಲು ಎಂದೇ ಓದಿದೆ. ಮೂರು ಮಹಡಿಯ ಕಟ್ಟಡ, ಹಸಿರು ಗೇಟು. ಬೆಳಿಗ್ಗೆ 7 ಗಂಟೆ 25 ನಿಮಿಷಕ್ಕೆ ಗಿರಗಿಟ್ಟಲೆ ಕೆಳಗಿಳಿಯುತ್ತಾಳೆ, ಬೀಗ ಹಾಕಿದ್ದೇನೆಯೋ ಇಲ್ಲವೋ ಎಂದು ವಾಪಸ್ ಹತ್ತಿ ಜಗ್ಗಿ ನೋಡಿ ಬರುತ್ತಾಳೆ ಎಂದು ಅದರಲ್ಲಿ ಇತ್ತು. ಆರು ಅಂಕ ಕೊಟ್ಟೆ. ಎದುರಾಳಿಗೆ ಐದೂವರೆ ಬಂದಿತ್ತು. ಬಂಡೆಯ ಸವಾಲು ರಸ್ತೆಯಾಚೆ ನಿಂತು ಬರೆದಂತಿದೆ, ಇನ್ನೂ ಹತ್ತಿರ ಹೋಗಬೇಕು ಎಂದು ಸಲಹೆ ಬರೆದೆ.

ದಿನಾಂಕ 24-01-2025ರ ಸವಾಲಿನಲ್ಲಿ ಮೆಟ್ಟಿಲುಗಳಿದ್ದವು. ಒಟ್ಟು ಇಪ್ಪತ್ತೆರಡು, ಒಂಬತ್ತನೆಯದರ ಅಂಚು ಒಡೆದಿದೆ, ಕಂಬಿಯ ಬಣ್ಣ ಕೈಗೆ ಅಂಟುತ್ತದೆ, ಬಾಗಿಲ ಚಿಲಕಕ್ಕೆ ನಾಲ್ಕು ತಿರುಪಿನ ಜಾಗದಲ್ಲಿ ಮೂರೇ ಇವೆ. ಎಂಟು ಅಂಕ ಕೊಟ್ಟೆ. ಬಹಳ ಚೆನ್ನಾಗಿದೆ, ಆದರೆ ಬಾಗಿಲ ಹೊರಗೇ ನಿಂತುಬಿಟ್ಟಿದ್ದೀರಿ, ಒಳಗಿನದೂ ಬೇಕು ಎಂದು ಬರೆದೆ.

ದಿನಾಂಕ 26-01-2025ರ ಭಾನುವಾರ ಬೆಳಿಗ್ಗೆ 11 ಗಂಟೆಗೆ ತಂಗಿ ಫೋನ್ ಮಾಡಿದಳು. ಅವಳ ಮಾತನ್ನು ಇದ್ದಂತೆಯೇ ಬರೆದುಕೊಳ್ಳಲು ಕೋರಿದ್ದೇನೆ. ಅಕ್ಕಾ, ಅವನು ಬರ‍್ದಿರೋದು ನಮ್ಮನೆ ಮೆಟ್ಲೇ ಕಣೇ, ನಾನು ಎಣಿಸ್ದೆ, ಇಪ್ಪತ್ತೆರಡೇ ಇದಾವೆ ಅಂದಳು. ಸೋಲೋ ಭಯಕ್ಕೆ ಏನೇನೋ ಕಥೆ ಕಟ್ಬೇಡ, ಊರಲ್ಲಿರೋ ಕಟ್ಟಡಗಳಿಗೆಲ್ಲ ಇಪ್ಪತ್ತೆರಡು ಮೆಟ್ಲೇ ಇರ‍್ತವೆ ಅಂದೆ. ನೀನು ರೆಫ್ರಿ ಆಗಿ ಮಾತಾಡ್ತಿದೀಯೋ ಅಕ್ಕ ಆಗಿ ಮಾತಾಡ್ತಿದೀಯೋ ಎಂದು ಅವಳು ಕೇಳಿದಳು. ಲೀಗ್ ವಿಷಯ ಬಂದಾಗ ರೆಫ್ರಿ ಎಂದು ಹೇಳಿ ಫೋನ್ ಇಟ್ಟೆ.

ದಿನಾಂಕ 07-02-2025ರ ಸಂಜೆ 5 ಗಂಟೆ 40 ನಿಮಿಷಕ್ಕೆ ಮೂರನೆಯ ಸವಾಲು ಬಂತು. ಅದು ಮನೆಯ ಒಳಗಿನದು. ಹಿಡಿ ಮುರಿದ ಒಂದು ಕಪ್ಪು, ಬಟ್ಟೆ ಸುತ್ತಿ ಬಿಗಿದ ಬಚ್ಚಲಿನ ನಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗುವ ಹೆಂಗಸಿನ ದಿಂಬಿನಲ್ಲಿ ಬಿದ್ದ ತಗ್ಗು. ಬೆಲ್ಟನ್ನು ಅಡುಗೆಮನೆ ಬಾಗಿಲ ಹಿಂದೆ, ಮೊಳೆಯಲ್ಲಿ, ಒದ್ದೆ ಟವೆಲ್ ಕೆಳಗೆ ನೇತುಹಾಕಿದ್ದಾಳೆ, ಹದಿನಾಲ್ಕು ತಿಂಗಳು ಎದೆಗೊತ್ತಿಕೊಂಡಿದ್ದ ನನ್ನ ಬೆಲ್ಟಿಗೆ ಇದೇ ಮರ್ಯಾದೆಯೇ ಎಂದು ಬಂಡೆ ಕೇಳಿದ್ದ. ಲ್ಯಾಬ್‌ನಲ್ಲಿ ಮೇಣ ಕರಗಿಸುತ್ತಾ ಇದನ್ನು ಎರಡು ಸಲ ಓದಿದೆ. ಬಹಳ ಹಿಡಿಸಿತು. ಹೀಗೆ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಒಂಬತ್ತೂವರೆ ಅಂಕ ಕೊಟ್ಟೆ. ಆರು ವರ್ಷದಲ್ಲಿ ಯಾರಿಗೂ ಅಷ್ಟು ಕೊಟ್ಟಿರಲಿಲ್ಲ. ಮೂರೂ ಪಂದ್ಯ ಗೆದ್ದ ಬಂಡೆ ಭಾನುವಾರದ ಪಟ್ಟಿಯಲ್ಲಿ ಮೊದಲನೇ ರ‍್ಯಾಂಕಿನ ಸವಾಲುಗಾರನಾದ. ಗಿರಗಿಟ್ಟಲೆಯೊಂದಿಗೆ ಅವನ ಪಂದ್ಯ ಇವತ್ತಿಗೆ, ಅಂದರೆ 21ನೇ ತಾರೀಖಿಗೆ ನಿಗದಿಯಾಯಿತು.

ಆ ಪಟ್ಟಿ ಹಾಕುವ ಹಿಂದಿನ ದಿನ, 08-02-2025ರ ಶನಿವಾರ ಮಧ್ಯಾಹ್ನ ತಂಗಿ ಮತ್ತೆ ಫೋನ್ ಮಾಡಿ, ಬೆಲ್ಟು ನಿಜವಾಗ್ಲೂ ಅಲ್ಲೇ ಇದೆ ಅಕ್ಕಾ, ಟವೆಲ್ಲೂ ಒದ್ದೆಯಾಗೇ ಇದೆ ಎಂದು ಅತ್ತಳು. ಅಷ್ಟು ಹೆದರಿಕೆ ಇದ್ರೆ ಅದನ್ನೇ ಬರೀ, ಅಂಕ ಬರುತ್ತೆ ಎಂದು ನಾನು ಹೇಳಿದೆ. ಆಮೇಲೆ ಹನ್ನೆರಡು ದಿನ ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ನಿನ್ನೆ ಸಂಜೆ 6 ಗಂಟೆ 50 ನಿಮಿಷಕ್ಕೆ ಅವಳ ಫೋನ್ ಬಂತು. ಕೆಲಸದಿಂದ ಬಂದು ನೋಡಿದರೆ ಬೆಲ್ಟ್ ಇಲ್ಲ, ಬೀಗ ಒಡೆದಿಲ್ಲ, ಬೇರೇನೂ ಹೋಗಿಲ್ಲ ಎಂದಳು. ಟವೆಲನ್ನು ಯಾರೋ ನಾಲ್ಕು ಮಡಿಕೆ ಮಾಡಿ ಅವಳ ದಿಂಬಿನ ಮೇಲೆ ಇಟ್ಟಿದ್ದರು. ಮನೆಯ ಎರಡನೇ ಕೀಲಿಯನ್ನು ಅವಳು ಈಜುಕೊಳದ ಕೌಂಟರಿನ ಡ್ರಾಯರ್‌ನಲ್ಲಿ ಇಡುತ್ತಿದ್ದಳು. ಹುಡುಕಿದಾಗ ಅದೂ ಇರಲಿಲ್ಲ, ಎಂದಿನಿಂದ ಇಲ್ಲವೆಂದು ಅವಳಿಗೆ ತಿಳಿಯದು. ಪಕ್ಕದ ಮನೆಯವರ ಜೊತೆ ಇರು ಎಂದು ಹೇಳಿ, ಇಂದು ಬೆಳಿಗ್ಗೆ 6 ಗಂಟೆಯ ಬಸ್ಸು ಹಿಡಿದೆ. 140 ಕಿಲೋಮೀಟರ್ ದೂರ. 9 ಗಂಟೆ 50 ನಿಮಿಷಕ್ಕೆ ಹಸಿರು ಗೇಟಿನ ಎದುರು ಇಳಿದೆ.

ಮೆಟ್ಟಿಲು ಹತ್ತುವಾಗ ಎಣಿಸಬಾರದು ಎಂದುಕೊಂಡರೂ ಎಣಿಸಿದೆ. ಒಂಬತ್ತನೆಯದರ ಅಂಚು ಒಡೆದಿತ್ತು. ಕಂಬಿಯ ಬಣ್ಣ ಅಂಗೈಗೆ ಅಂಟಿತು. ಚಿಲಕಕ್ಕೆ ಮೂರೇ ತಿರುಪು. ಬಾಗಿಲು ತಟ್ಟಲು ಆಗಲಿಲ್ಲ, ತಂಗಿಯ ಹೆಸರು ಹಿಡಿದು ಕೂಗಿದೆ. ಒಳಗೆ ಹೋದ ಮೇಲೆ ಅವಳು ನೀರು ಕೊಟ್ಟದ್ದು ಹಿಡಿಯಿಲ್ಲದ ಕಪ್ಪಿನಲ್ಲಿ. ಆ ಮನೆಗೆ ನಾನು ಹೋದದ್ದು ಅದೇ ಮೊದಲು, ಆದರೆ ಬಚ್ಚಲು ಯಾವ ಕಡೆ ಎಂದು ಕೇಳುವ ಅಗತ್ಯ ನನಗೆ ಬೀಳಲಿಲ್ಲ. ಇಷ್ಟು ಹೆದರಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ನನ್ನನ್ನು ತಂಗಿಯೇ ಹಿಡಿದು ಕೂರಿಸಿ, ಈಗ ನಂಬ್ತೀಯಾ ಎಂದು ಕೇಳಿದಳು. ಊಟ ಯಾರಿಗೂ ಸೇರಲಿಲ್ಲ. 2 ಗಂಟೆ 40 ನಿಮಿಷಕ್ಕೆ ಮನೆ ಬಿಟ್ಟು ಇಲ್ಲಿಗೆ ನಡೆದು ಬಂದೆವು.

ಮೇಲೆ ಹೇಳುವಾಗ ಒಂದು ವಿಷಯವನ್ನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ, ಹೇಳಲು ನಾಲಿಗೆ ಏಳಲಿಲ್ಲ. ಮೂರನೆಯ ಸವಾಲಿಗೂ ನಾನು ಸಲಹೆ ಬರೆದಿದ್ದೆ. ದಿನಾಂಕ 08-02-2025ರ ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಬರೆದ ಆ ಸಾಲು ಹೀಗಿದೆ: ಖಾಲಿ ಮನೆಯ ವರ್ಣನೆ ಇಷ್ಟು ಸಾಕು, ಮುಂದಿನ ಸಲ ಅವಳು ಮನೆಯಲ್ಲಿರುವಾಗ ಬರೆಯಿರಿ, ಏನಾದರೂ ನಡೆಯಲಿ. ಎರಡು ನಿಮಿಷದಲ್ಲಿ ಬಂಡೆಯಿಂದ ಉತ್ತರ ಬಂತು. ಆಗಲಿ ಸಾರ್, ನೀವು ಹೇಳಿದ ಹಾಗೇ ಮಾಡ್ತೀನಿ ಎಂದು ಬರೆದಿದ್ದ. ನಾನು ಅದಕ್ಕೆ ಒಪ್ಪಿಗೆಯೆಂದು, ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಒತ್ತಿದ್ದೆ.

ಅವನ ಸವಾಲಿನ ಗಡುವು ಇಂದು ಸಂಜೆ 6 ಗಂಟೆ. ಅವನು ಒಂದು ದಿನವೂ ಗಡುವು ಮೀರಿದವನಲ್ಲ. ಆದ್ದರಿಂದ ಅದಕ್ಕೆ ಮೊದಲು ಆ ಮನೆಯಲ್ಲಿ ಪೊಲೀಸರು ಇರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾನು ಹೇಳಿದ್ದನ್ನೇ ಬರೆದುಕೊಂಡಿದ್ದಾರೆ, ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ. ತಂಗಿಯೂ ಓದಿ ಸಹಿ ಮಾಡಬೇಕೆಂದು ಹೇಳಿದ್ದರಿಂದ ಹಾಳೆಗಳನ್ನು ಅವಳ ಕೈಗೆ ಕೊಟ್ಟಿದ್ದೇನೆ.

ಸ್ಥಳ: ಠಾಣೆ, ಬರಹದ ಕೊಠಡಿ
ದಿನಾಂಕ: 21-02-2025, ಸಂಜೆ 4 ಗಂಟೆ 35 ನಿಮಿಷ
ಸಹಿ (ಹೇಳಿಕೆ ಕೊಟ್ಟವರು)

ಕೊನೆಯ ಪುಟದವರೆಗೂ ಓದಿದ್ದೇನೆ. ನನಗೆ ಸಂಬಂಧಪಟ್ಟದ್ದೆಲ್ಲ ನಿಜ. ಇವತ್ತಿನಿಂದ ನಾನು ಎಲ್ಲಿರುತ್ತೇನೆ ಎಂಬುದನ್ನು ಇನ್‌ಸ್ಪೆಕ್ಟರ್ ಅವರಿಗೆ ಮಾತ್ರ ಹೇಳಿದ್ದೇನೆ. ದಯವಿಟ್ಟು ನನ್ನ ಅಕ್ಕನಿಗೆ ತಿಳಿಸಬೇಡಿ.

ಸಹಿ (ತಂಗಿ), ಸಂಜೆ 4 ಗಂಟೆ 50 ನಿಮಿಷ