ಮೇಲ್ಭಾಗದ ನೀರು

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಸಾಲಗದ್ದೆ ಪಟ್ಟಣ ಪಂಚಾಯತದ ಅಧ್ಯಕ್ಷರೂ ಆದ ಶ್ರೀ ಮಹಾಬಲೇಶ್ವರ ನಾಯ್ಕರೇ, ಅಂದರೆ ನಮ್ಮೆಲ್ಲರ ಮಾಬ್ಲಣ್ಣನವರೇ. ಈ ಯೋಜನೆಯನ್ನು ಕಾಗದದಿಂದ ಎತ್ತಿ ನಮ್ಮ ಅಂಗಳಗಳಿಗೆ ತಂದ ಮುಖ್ಯಾಧಿಕಾರಿ ಕುಮಾರಿ ದಿವ್ಯಶ್ರೀಯವರೇ. ವೇದಿಕೆಯ ಮೇಲಿರುವ ವಾರ್ಡ್ ಸದಸ್ಯರೇ. ಫ್ಯಾನಿನ ಕೆಳಗಿನ ಜಾಗ ಸಿಕ್ಕ ಹಾಗೂ ಸಿಗದ ಸಭಿಕರೇ,

ಮೇ ತಿಂಗಳ ಕೊನೆಯ ವಾರದಲ್ಲಿ, ಕರಾವಳಿಯಲ್ಲಿ, ಒಬ್ಬ ಮನುಷ್ಯನಿಗೆ ಉಣ್ಣೆಯ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂಬುದನ್ನು ನೀವೇ ತೀರ್ಮಾನಿಸಬೇಕು. ಆದರೂ ನಾನು ಇದನ್ನು ತೆಗೆಯುವುದಿಲ್ಲ. ಮೂವತ್ನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ದುಡಿದೆ. ಭಟ್ಕಳ, ಹೊನ್ನಾವರ, ಕುಮಟೆ, ಈ ಮೂರು ತಾಲೂಕುಗಳಲ್ಲಿ ನಾನು ಸರಪಳಿ ಎಳೆಯದ ಊರು ಕಡಿಮೆ. ಬಾಡದಲ್ಲಿ ಬೈಸಿಕೊಂಡಿದ್ದೇನೆ, ಮಾವಳ್ಳಿಯಲ್ಲಿ ಎಳನೀರು ಕುಡಿದಿದ್ದೇನೆ. ಆದರೆ ಯಾರೂ ಒಂದು ಶಾಲು ಹೊದಿಸಿರಲಿಲ್ಲ. ಗಡಿ ಗುರುತಿಸಿ ಕೊಟ್ಟವನ ಮೇಲೆ ಎರಡೂ ಕಡೆಯವರಿಗೆ ಸಿಟ್ಟು ಇರುತ್ತದೆ.

ನನ್ನ ಹೆಂಡತಿ ಶಾಂಭವಿ ಮನೆಯಿಂದ ಹೊರಡುವಾಗ ಹೇಳಿದ್ದಳು, "ಬರೆದದ್ದಷ್ಟೇ ಓದಿ. ಪುರಾಣ ಶುರು ಮಾಡದು ಬ್ಯಾಡ." ಅದಕ್ಕಾಗಿ ಎರಡು ಪುಟ ಬರೆದುಕೊಂಡು ಬಂದಿದ್ದೇನೆ. ಅವಳು ಸಭೆಗೆ ಬಂದಿಲ್ಲ. ತಲೆನೋವು ಎಂದಳು. ಇರಲಿ.

ವಿಷಯ ಏನು? ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮ ಪಂಚಾಯತ ಕಳೆದ ವರ್ಷದಿಂದ ಮಳೆನೀರಿನ ಚರಂಡಿಗೆಂದು ಪ್ರತಿ ಆಸ್ತಿಗೂ ಒಂದು ಶುಲ್ಕ ಹಾಕಿದೆ. ಯಾರ ಜಾಗದಲ್ಲಿ ಮನೆಯ ಮಾಡು, ಅಂಗಳದ ಸಿಮೆಂಟು ಹೆಚ್ಚೋ ಅವರಿಗೆ ಶುಲ್ಕ ಹೆಚ್ಚು. ಏಕೆಂದರೆ ಮಣ್ಣು ನೀರು ಕುಡಿಯುತ್ತದೆ, ಸಿಮೆಂಟು ಕುಡಿಯುವುದಿಲ್ಲ. ಆದರೆ ತನ್ನ ಜಾಗದ ನೀರನ್ನು ತನ್ನ ಜಾಗದಲ್ಲೇ ಇಂಗಿಸುವವರಿಗೆ ರಿಯಾಯಿತಿ ಉಂಟು. ಹೆಚ್ಚೆಂದರೆ ಅರ್ಧದಷ್ಟು. ಆ ಪೂರ್ತಿ ಅರ್ಧ ನಮ್ಮ ಊರಿನಲ್ಲಿ ಸಿಕ್ಕಿದ್ದು ಒಬ್ಬನಿಗೆ. ಆ ಒಬ್ಬ ಈಗ ನಿಮ್ಮ ಮುಂದೆ ಬೆವರುತ್ತಿದ್ದಾನೆ. ಪ್ರಮಾಣಪತ್ರದಲ್ಲಿ "ಮಾದರಿ ಆಸ್ತಿ ಮಾಲೀಕ ಶ್ರೀ ನಾಗಪತಿ ಹೆಗಡೆ" ಎಂದು ಬರೆದಿದೆ. ಅಕ್ಷರ ಚೆನ್ನಾಗಿದೆ.

ಅರ್ಜಿ ತಿರಸ್ಕೃತವಾದವರನ್ನೂ ಇವತ್ತು ಕರೆಸಿದ್ದಾರೆ, ಬಲಗಡೆಯ ಸಾಲುಗಳಲ್ಲಿ ಕುಳಿತಿದ್ದಾರೆ. ಮಾದರಿ ಮಾಲೀಕರಿಂದ ಕಲಿಯಲಿ ಎಂಬುದು ಅಧಿಕಾರಿಗಳ ಆಸೆ. ಆದ್ದರಿಂದ ಕಲಿಸಬೇಕು.

ಮೊದಲ ಪಾಠ ಇಳಿಜಾರು. ನೀರಿಗೆ ಹಕ್ಕುಪತ್ರ ಓದಲು ಬರುವುದಿಲ್ಲ. ಅದು ಇಳಿಜಾರು ನೋಡುತ್ತದೆ, ಅಷ್ಟೇ. ನಮ್ಮ ಮನೆಯ ಅಂಗಳ ಮೊದಲು ಮಣ್ಣಿನದಾಗಿತ್ತು. ಜೂನ್ ಬಂತೆಂದರೆ ಹಾವಸೆ, ಜಾರಿಕೆ. ಆರು ವರ್ಷದ ಹಿಂದೆ ಮಗಳ ಮದುವೆ ನಿಶ್ಚಯವಾಯಿತು. ಚಪ್ಪರ ಹಾಕಬೇಕು, ಬೀಗರು ಬರುತ್ತಾರೆ, ಅಂಗಳ ನೀಟಾಗಿರಬೇಕು. ಸಿಮೆಂಟು ಹಾಕಿಸೋಣ ಎಂದೆ. ಕೆಲಸಕ್ಕೆ ದುರ್ಗಪ್ಪ ಬಂದ. ದುರ್ಗಪ್ಪ ನಮ್ಮ ಹಿಂದಿನ ಮನೆಯವನು. ನಮ್ಮ ಹಿತ್ತಲ ಗೋಡೆಯ ಆಚೆ, ನಾಲ್ಕು ಅಡಿ ಕೆಳಗೆ, ಅವನ ಅಂಗಳ. ಚಿರೇಕಲ್ಲಿನ ಗೋಡೆ ಕಟ್ಟುವುದರಲ್ಲಿ ಅವನ ಕೈ ಎಂಥದು ಎಂದರೆ, ಸರ್ವೆಯರನಾದ ನಾನು ರಸಮಟ್ಟ ಇಟ್ಟು ನೋಡಿ ಸೋತಿದ್ದೇನೆ.

ಮುಂದಿನ ಬಾಗಿಲಲ್ಲಿ ನೀರು ನಿಲ್ಲಬಾರದು ಎಂದು ನಾನೇ ಲೆಕ್ಕ ಹಾಕಿ ಹತ್ತು ಅಡಿಗೆ ಒಂದು ಇಂಚಿನಂತೆ ಇಳಿಜಾರನ್ನು ಹಿಂದಕ್ಕೆ ಕೊಡಲು ಹೇಳಿದೆ. ಹಿತ್ತಲ ಗೋಡೆಯ ಬುಡದಲ್ಲಿ ಒಂದು ಕಿಂಡಿ. ದುರ್ಗಪ್ಪ ಕರಣೆ ಕೆಳಗಿಟ್ಟು ಕೇಳಿದ, "ಹೆಗಡೇರೆ, ಇಳಿಜಾರು ಆ ಬದಿಗ್ ಕೊಟ್ರೆ ನೀರೆಲ್ಲ ನಮ್ಮನಿ ಅಂಗ್ಳಕ್ಕೇ ಬತ್ತದಲ್ರಾ?" ನಾನು ಹೇಳಿದೆ, ಮಳೆಗಾಲದ ಮೊದಲು ಕಿಂಡಿಯಿಂದ ಪೈಪು ಹಾಕಿಸಿ ಬದಿಯ ಗಟಾರಕ್ಕೆ ಬಿಡುತ್ತೇನೆ ಎಂದು. "ಆತು, ನೀವ್ ಹೇಳ್ದಂಗೆ" ಎಂದ. ಆ ಕಿಂಡಿಯನ್ನು ಅವನೇ ಬಿಟ್ಟ, ತನ್ನ ಕೈಯಾರೆ. ಮದುವೆ ಬಹಳ ಚೆನ್ನಾಗಿ ಆಯಿತು. ಬೀಗರು ಅಂಗಳ ನೋಡಿ ಹೊಗಳಿದರು.

ಪೈಪಿನ ವಿಷಯ ಇಲ್ಲಿ ಬರೆದಿಲ್ಲ. ಮುಂದಿನ ಪಾಠಕ್ಕೆ ಹೋಗುತ್ತೇನೆ.

ಎರಡನೆಯದು ಇಂಗುಗುಂಡಿ. ಯೋಜನೆ ಬಂದಾಗ ನಾನು ಮೂರು ಅಡಿ ಉದ್ದಗಲ, ಮೂರು ಅಡಿ ಆಳದ ಗುಂಡಿ ತೆಗೆಸಿ ಜಲ್ಲಿ ತುಂಬಿಸಿದೆ. ಮೇಲೆ ಚಂದದ ಫಲಕ. ಫೋಟೋದಲ್ಲಿ ಚೆನ್ನಾಗಿ ಬಂದಿದೆ. ದಿವ್ಯಶ್ರೀಯವರು ಮಾರ್ಚಿನಲ್ಲಿ ತಪಾಸಣೆಗೆ ಬಂದರು. ರಸ್ತೆಯ ಕಡೆಯ ಗಟಾರ ನೋಡಿದರು. ಒಣಗಿತ್ತು. ಮಾರ್ಚಿನಲ್ಲಿ ಯಾರ ಮನೆಯ ಗಟಾರ ಒಣಗಿರುವುದಿಲ್ಲ? ಆದರೆ ಪಂಚಾಯತದವರು ಕಳೆದ ಜುಲೈನಲ್ಲಿ ತೆಗೆದ ಫೋಟೋದಲ್ಲೂ ನಮ್ಮ ಮನೆಯಿಂದ ಗಟಾರಕ್ಕೆ ನೀರು ಇಳಿಯುತ್ತಿರಲಿಲ್ಲ! ಅವರಿಗೆ ಬಹಳ ಸಂತೋಷವಾಯಿತು. ಶಾಂಭವಿ ಅವರಿಗೆ ಕೋಕಮ್ ಪಾನಕ ಕೊಟ್ಟಳು. ತಪ್ಪು ಅವರದಲ್ಲ. ಅರ್ಜಿಯಲ್ಲಿ ಇರುವ ಪ್ರಶ್ನೆಯನ್ನು ಅವರು ಕೇಳಿದರು, ನಾನು ಉತ್ತರಿಸಿದೆ.

ಪ್ರಶ್ನೆ ಹೀಗಿದೆ, "ನಿಮ್ಮ ಆಸ್ತಿಯಿಂದ ಮಳೆನೀರು ಪಂಚಾಯತದ ಗಟಾರಕ್ಕೆ ಅಥವಾ ರಸ್ತೆಗೆ ಸೇರುತ್ತದೆಯೇ? ಹೌದು, ಇಲ್ಲ." ನಾನು "ಇಲ್ಲ" ಎಂಬುದಕ್ಕೆ ಗುರುತು ಹಾಕಿದೆ. ಅದು ಸುಳ್ಳಲ್ಲ ಸಭಿಕರೇ. ಒಂದು ಹನಿಯೂ ಸೇರುವುದಿಲ್ಲ. ನಾನು ಇಲಾಖೆಯಲ್ಲಿ ಇದ್ದವನು, ಕೇಳಿದ್ದಕ್ಕೆ ಮಾತ್ರ ಉತ್ತರಿಸುವುದು ನನಗೆ ಅಭ್ಯಾಸ. ಶಾಂಭವಿ ಲೋಟ ತೊಳೆಯುತ್ತ ಅಡುಗೆಮನೆಯಿಂದಲೇ ಹೇಳಿದಳು, "ಆ ಕಿಂಡಿ ನೀರು ಎಲ್ಲಿಗೆ ಹೋಗ್ತು ಹೇಳಿ ನಂಗೂ ಗೊತ್ತಿದ್ದು." ಅಧಿಕಾರಿಗಳು ಆಗಲೇ ಗೇಟು ದಾಟಿದ್ದರು.

ನಮ್ಮ ಕರಾವಳಿಯ ಮಳೆಗೆ ಮೂರು ಅಡಿಯ ಗುಂಡಿ ಎಷ್ಟು ಹೊತ್ತಿಗೆ ತುಂಬುತ್ತದೆ ಗೊತ್ತೇ? ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಹನ್ನೊಂದು ನಿಮಿಷ. ಹನ್ನೆರಡನೆಯ ನಿಮಿಷದ ನೀರು ಎಲ್ಲಿಗೆ ಹೋಗಬೇಕು?

ಮಾಬ್ಲಣ್ಣ ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಎರಡನೆಯ ಪುಟದಲ್ಲಿ ನೆರೆಹೊರೆಯವರ ಸಹಕಾರ ಎಂಬ ಭಾಗ ಇದೆ, ಅದೊಂದನ್ನು ಓದಿಬಿಡುತ್ತೇನೆ. "ನನ್ನ ಈ ಸಾಧನೆಯಲ್ಲಿ ನೆರೆಹೊರೆಯವರ ಸಹಕಾರವನ್ನು ಮರೆಯುವಂತಿಲ್ಲ."

ಇದನ್ನು ಬರೆದದ್ದು ನಾನೇ. ನಿನ್ನೆ ಬರೆದೆ. ಓದುವಾಗ ಹೀಗೆ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ.

ಕಳೆದ ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದದ್ದು ನಿಮಗೆ ನೆನಪಿದೆ. ನಾನು ಮಹಡಿಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಕೆಳಗೆ ದುರ್ಗಪ್ಪನ ಹೆಂಡತಿ ಮಾದೇವಿ ಅಂಗಳದ ನೀರನ್ನು ಬಾಲ್ದಿಯಲ್ಲಿ ತುಂಬಿ ತುಂಬಿ ರಸ್ತೆಗೆ ಚೆಲ್ಲುತ್ತಿದ್ದಳು. ಒಳಗೆ ಒಲೆಗೆ ನೀರು ಮುಟ್ಟಬಾರದಲ್ಲ. ಅದೇ ಹೊತ್ತಿಗೆ ಪಂಚಾಯತದವರು ರಸ್ತೆಯ ಫೋಟೋ ತೆಗೆಯುತ್ತ ಹೋದರು. ಅವಳು ಬಾಲ್ದಿ ಎತ್ತಿದ್ದಾಗಲೇ ಒಂದು ಫೋಟೋ. ನಾನು ನೋಡಿದೆ. ಕಿಟಕಿ ಹಾಕಿದೆ. ಎರಚಲು ಹೊಡೆಯುತ್ತಿತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ದುರ್ಗಪ್ಪ ಮರಳು ತುಂಬಿದ ಚೀಲವನ್ನು ಗೋಡೆಯ ಬುಡಕ್ಕೆ, ಆ ಕಿಂಡಿಯ ಕೆಳಗೆ, ಒತ್ತಿ ಇಡಲು ಹೋಗಿ ಹಾವಸೆಯಲ್ಲಿ ಜಾರಿದ. ಸೊಂಟದ ಎಲುಬು ಮುರಿಯಿತು. ಬಿದ್ದ ಸದ್ದು ನನಗೆ ಕೇಳಿಸಿತು. ನನ್ನ ಕಾರಿನಲ್ಲೇ ಹೊನ್ನಾವರಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇದನ್ನು ಊರಿನವರೆಲ್ಲ ಹೊಗಳಿದ್ದೀರಿ. ಮಾದೇವಿ ಆಸ್ಪತ್ರೆಯ ಬಾಗಿಲಲ್ಲಿ ನನಗೆ ಕೈಮುಗಿದಳು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ. "ಇರಲಿ, ನೆರೆಮನೆಯವರು ಅಂದಮೇಲೆ ಇಷ್ಟೂ ಮಾಡದಿದ್ದರೆ ಹೇಗೆ" ಎಂದೆ. ಈ ಮಾತನ್ನು ನಾನು ಇವತ್ತಿನವರೆಗೆ ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ದುರ್ಗಪ್ಪ ಈಗ ಗೋಡೆ ಕಟ್ಟಲು ಸಾರುವೆ ಹತ್ತುವುದಿಲ್ಲ. ಅಲ್ಲಿ ಬಲಗಡೆ ಮೂರನೆಯ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದಾನೆ. ಪಕ್ಕದಲ್ಲಿ ಮಾದೇವಿ. ಅವರ ಅರ್ಜಿ ತಿರಸ್ಕೃತವಾಗಿದೆ. ನನ್ನಿಂದ ಕಲಿಯಲು ಬಂದಿದ್ದಾರೆ.

ತಿರಸ್ಕಾರದ ಪತ್ರ ಬಂದಾಗ ಮಾದೇವಿ ಅದನ್ನು ಹಿಡಿದು ನಮ್ಮ ಮನೆಗೇ ಬಂದಳು. ಈ ಕೇರಿಯಲ್ಲಿ ಯಾರಿಗೆ ಸರ್ಕಾರಿ ಪತ್ರ ಬಂದರೂ ಓದಿ ಹೇಳುವವನು, ಮೇಲ್ಮನವಿ ಬರೆದುಕೊಡುವವನು ನಾನೇ ಅಲ್ಲವೇ? ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇದೆ, ನಿಮಗೆಲ್ಲ ಗೊತ್ತು. ಓದಿದೆ. "ಸದರಿ ಆಸ್ತಿಯಿಂದ ಮಳೆನೀರು ಸಾರ್ವಜನಿಕ ರಸ್ತೆಗೆ ಹರಿಯುತ್ತಿರುವುದು ಕಂಡುಬಂದಿರುವುದರಿಂದ ರಿಯಾಯಿತಿ ಕೋರಿಕೆಯನ್ನು ತಿರಸ್ಕರಿಸಲಾಗಿದೆ." ಜೊತೆಗೆ ಬಾಲ್ದಿಯ ಫೋಟೋ. ಅವರ ಅಂಗಳ ಪೂರ್ತಿ ಮಣ್ಣಿನದು, ಸಭಿಕರೇ. ಹಿತ್ತಿಲಲ್ಲಿ ಬಸಳೆ ಚಪ್ಪರ, ಎರಡು ತೆಂಗು. ತನ್ನ ಮೇಲೆ ಬಿದ್ದ ಮಳೆಯನ್ನೆಲ್ಲ ಕುಡಿದು ಮುಗಿಸುವಂಥ ಜಾಗ. ಅವರಿಗೆ ಪೂರ್ತಿ ಶುಲ್ಕ, ನನಗೆ ಅರ್ಧ.

ನಾನು ಕನ್ನಡಕ ಹಾಕಿಕೊಂಡು ಮೇಲ್ಮನವಿ ಬರೆಯಲು ಕುಳಿತೆ. "ಸದರಿ ನೀರು ನಮ್ಮದಲ್ಲ" ಎಂದು ಬರೆದೆ. ಮುಂದೆ ಎಲ್ಲಿಯದು ಎಂದು ಬರೆಯಬೇಕು. ಪೆನ್ನು ನಿಂತಿತು. ಮಾದೇವಿ ನೆಲ ನೋಡುತ್ತಿದ್ದಳು. ಹಾಗೇ ನೆಲ ನೋಡುತ್ತಲೇ ಹೇಳಿದಳು, "ಯಾರ ಮನಿ ನೀರು ಅಂದೆಲ್ಲ ಬರೀಬ್ಯಾಡಿ ಹೆಗಡೇರೆ. ಮೇಲಿಂದ ಬತ್ತದೆ ಅಂತ ಹೇಳ್ರೆ ಸಾಕು. ದಿನಾ ಮುಖ ನೋಡ್ಕಂಡು ಇರ್ಬೇಕಲ್ರಾ."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಯಾರ ಹತ್ತಿರವೂ ಹೋಗದೆ ನನ್ನ ಹತ್ತಿರವೇ ಬಂದಿದ್ದಳು. ನಾನೇ ಹೇಳಲಿ ಎಂದು ಕಾದಳೋ ಏನೋ, ನನಗೆ ತಿಳಿಯದು. ನಾನು ಏನು ಮಾಡಿದೆ? ನನಗೆ ಉಸಿರು ಬಂದ ಹಾಗಾಯಿತು. ನಿಜ ಹೇಳುತ್ತಿದ್ದೇನೆ, ಸಮಾಧಾನವಾಯಿತು. "ಮೇಲ್ಭಾಗದಿಂದ ಬರುವ ನೀರು" ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಮೂವತ್ನಾಲ್ಕು ವರ್ಷ ಸರ್ವೆ ನಂಬರಿಲ್ಲದ ಒಂದು ಗೇಣು ಭೂಮಿಯನ್ನೂ ಒಪ್ಪದವನು, ಮೇಲ್ಭಾಗ ಎಂದು ಬರೆದೆ. ಅವಳು ಹೆಬ್ಬೆಟ್ಟು ಒತ್ತಿ, ಮನೆಯಿಂದ ತಂದ ಬಸಳೆಯ ಕಟ್ಟನ್ನು ನಮ್ಮ ಜಗುಲಿಯಲ್ಲಿಟ್ಟು ಹೋದಳು. ಶಾಂಭವಿ ಆ ಬಸಳೆಯನ್ನು ಅಡುಗೆ ಮಾಡಲಿಲ್ಲ. ಎರಡು ದಿನ ಜಗುಲಿಯಲ್ಲೇ ಬಾಡಿತು.

ಆ ಮೇಲ್ಮನವಿ ಈಗ ದಿವ್ಯಶ್ರೀಯವರ ಕಚೇರಿಯಲ್ಲಿದೆ. "ಮೇಲ್ಭಾಗ ಎಂದರೆ ಯಾವುದೆಂದು ಸ್ಪಷ್ಟವಿಲ್ಲ" ಎಂದು ವಾಪಸು ಬರಲಿದೆ ಎಂದು ಕೇಳಿದ್ದೇನೆ. ಸರಿಯಾದ ಆಕ್ಷೇಪಣೆ. ನಾನು ಅಧಿಕಾರದಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ.

ಸಭಿಕರೇ, ನಾನು ಇದನ್ನೆಲ್ಲ ಹೇಳಲು ಬಂದವನಲ್ಲ. ಈ ಎರಡು ಪುಟಗಳಲ್ಲಿ ಇದು ಯಾವುದೂ ಇಲ್ಲ. ಆದರೆ ಇಷ್ಟು ಹೇಳಿದ ಮೇಲೆ ಶಾಲು ಸರಿಮಾಡಿಕೊಂಡು ಕೆಳಗಿಳಿದು ಆ ಮೂರನೆಯ ಸಾಲನ್ನು ದಾಟಿ ಹೋಗುವುದು ನನ್ನಿಂದಾಗದು.

ಆದ್ದರಿಂದ ಮಾನ್ಯ ಮುಖ್ಯಾಧಿಕಾರಿಗಳೇ, ತಿದ್ದುಪಡಿಯೊಂದಿದೆ, ದಯವಿಟ್ಟು ಬರೆದುಕೊಳ್ಳಿ. ಮಾದೇವಿ ದುರ್ಗಪ್ಪ ನಾಯ್ಕರ ಮೇಲ್ಮನವಿ, ಏಳನೆಯ ಸಾಲು. "ಮೇಲ್ಭಾಗ" ಎಂಬ ಶಬ್ದವನ್ನು ಹೊಡೆದುಹಾಕಿ, ಸರ್ವೆ ನಂಬರ್ ನೂರ ಹನ್ನೆರಡು, ಹಿಸ್ಸಾ ನಾಲ್ಕು ಎಂದು ಸೇರಿಸಿ. ಮಾಲೀಕ, ನಾಗಪತಿ ಗಣಪತಿ ಹೆಗಡೆ. ಹಿತ್ತಲ ಗೋಡೆಯ ಈಶಾನ್ಯ ಮೂಲೆಯಿಂದ ಒಂಬತ್ತು ಅಡಿಗೆ ಕಿಂಡಿ ಇದೆ, ಅಳೆದು ನೋಡಿ. ಈ ಪ್ರಮಾಣಪತ್ರವನ್ನು ಮೇಜಿನ ಮೇಲೆ ಇಡುತ್ತಿದ್ದೇನೆ. ಇಟ್ಟುಕೊಳ್ಳಲು ನನಗೆ ಹಕ್ಕಿಲ್ಲ. ಅರ್ಜಿಯ ಪ್ರಶ್ನೆಗೂ ಒಂದು ಸಾಲು ಸೇರಿಸುವುದು ಒಳ್ಳೆಯದು, ನೆರೆಯವರ ಜಾಗಕ್ಕೆ ಹರಿಯುತ್ತದೆಯೇ ಎಂದು. ಎಷ್ಟು ಮಾದರಿ ಮಾಲೀಕರು ಉಳಿಯುತ್ತಾರೋ ಆಮೇಲೆ ನೋಡೋಣ. ನಗಬೇಡಿ, ನಕ್ಕವರ ಹಿತ್ತಲೂ ನನಗೆ ಗೊತ್ತು.

ದುರ್ಗಪ್ಪ, ಮಳೆಗೆ ಇನ್ನು ಹತ್ತು ದಿನವಿರಬಹುದು. ನಾಳೆ ಬೆಳಿಗ್ಗೆ ಆ ಕಿಂಡಿ ಮುಚ್ಚಬೇಕು, ಹಿಂದಿನ ಸಿಮೆಂಟು ಅಗೆದು ಮಣ್ಣು ಬಿಡಿಸಬೇಕು. ನೀನು ಕುರ್ಚಿಯಲ್ಲಿ ಕುಳಿತು ಹೇಳು, ಕಲಸುವುದು, ಹೊರುವುದು ನಾನು. ಈ ವರ್ಷ ನನ್ನ ಜಗುಲಿಗೆ ನೀರು ಹತ್ತುತ್ತದೆ, ಲೆಕ್ಕ ಹಾಕಿದ್ದೇನೆ. ಹತ್ತಲಿ. ನೀನು ಬರುವುದಿಲ್ಲ ಎಂದರೆ ಅದೂ ನ್ಯಾಯವೇ. ನಿನ್ನ ಸೊಂಟವನ್ನು ಮೊದಲಿನ ಹಾಗೆ ಮಾಡಿಕೊಡಲು ನನ್ನಿಂದಾಗುವುದಿಲ್ಲ. ತಪ್ಪಾಯಿತು. ಆರು ಮಳೆಗಾಲ ತಡವಾಯಿತು.

ಭಾಷಣವನ್ನು ತಡೆಯದ ಅಧ್ಯಕ್ಷರಿಗೆ, ಬರೆದುಕೊಳ್ಳುತ್ತಿರುವ ಮುಖ್ಯಾಧಿಕಾರಿಗಳಿಗೆ, ಎದ್ದುಹೋಗದ ನಿಮಗೆ, ತಲೆನೋವೆಂದು ಮನೆಯಲ್ಲುಳಿದ ನನ್ನ ಹೆಂಡತಿಗೆ ನಾನು ಋಣಿ. ಮಾದೇವಿ, ಬರೆಯಬೇಡಿ ಎಂದು ನೀನು ಹೇಳಿದ್ದೆ. ನಾನು ಬರೆಯಲಿಲ್ಲ. ಮೈಕಿನಲ್ಲಿ ಹೇಳಿದ್ದೇನೆ, ಇನ್ನು ನಾಳೆಯಿಂದ ನನ್ನ ಮುಖ ನೋಡುವುದು ಬಿಡುವುದು ನಿನಗೆ ಸೇರಿದ್ದು.

ಆವತ್ತು ಆಸ್ಪತ್ರೆಯ ಬಾಗಿಲಲ್ಲಿ ನೀನು ಕೊಟ್ಟದ್ದನ್ನು ಹಿಂದಿರುಗಿಸುತ್ತಿದ್ದೇನೆ. ನಮಸ್ಕಾರ.